ಲೈಸೆನ್ಸ್ ಕೇಳುತ್ತಿರುವವರು ಯಾರು?

ಮಾರ್ಚ್‌ಗೆ ಸ್ವಲ್ಪ ಮುಂಚೆ ಬನಶಂಕರಿಯ ಯುವತಿಯೊಬ್ಬರು ನನ್ನ ಮೇಜಿನ ಮೇಲೆ ಒಂದು ಫಾರ್ಮ್ ಇಟ್ಟು ಕುಳಿತರು. ಏಳು ವರ್ಷ ಕಂಪನಿಯೊಂದರಲ್ಲಿ ಡಿಸೈನರ್ ಆಗಿದ್ದವರು ಆಗಸ್ಟ್‌ನಲ್ಲಿ ಕೆಲಸ ಬಿಟ್ಟು ಮನೆಯಿಂದಲೇ ಸ್ವಂತವಾಗಿ ಶುರು ಮಾಡಿದ್ದಾರೆ. ಈಗ ದೊಡ್ಡ ಗ್ರಾಹಕರೊಬ್ಬರು ಸಿಕ್ಕಿದ್ದಾರೆ. ಆದರೆ ದುಡ್ಡು ಕೈಸೇರಬೇಕಾದರೆ ಮೊದಲು ಅವರ ವೆಂಡರ್ ಫಾರ್ಮ್, ಅಂದರೆ ಕೆಲಸ ಮಾಡಿಕೊಡುವವರ ವಿವರದ ಪಟ್ಟಿ, ತುಂಬಬೇಕು. ಒಟ್ಟು ಹನ್ನೊಂದು ಕಾಲಂ. ಹೆಸರು, ಪ್ಯಾನ್, ಬ್ಯಾಂಕ್ ಖಾತೆ ಬಿಟ್ಟರೆ ಉಳಿದ ಎಂಟೂ ಖಾಲಿ.

“ಸರ್, ಫ್ರೀಲ್ಯಾನ್ಸ್ ಕೆಲಸಕ್ಕೆ ಲೈಸೆನ್ಸ್ ಎಲ್ಲಿ ಮಾಡಿಸಬೇಕು? ಎಷ್ಟು ಖರ್ಚಾಗುತ್ತದೆ?”

ಹನುಮಂತನಗರದ ಮೊದಲ ಮಹಡಿಯ ಕೋಣೆಯಲ್ಲಿ ಸಣ್ಣಪುಟ್ಟ ವ್ಯವಹಾರದವರ ಲೆಕ್ಕಪತ್ರ ಬರೆಯುತ್ತ ಕುಳಿತಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ಉತ್ತರ ಕೇಳಿದವರು ಮಾತ್ರ ಪ್ರತಿ ಸಲವೂ ಅನುಮಾನದಿಂದ ನೋಡುತ್ತಾರೆ. ಯಾಕೆಂದರೆ ಅಂಥದ್ದೊಂದು ಲೈಸೆನ್ಸ್ ಇಲ್ಲವೇ ಇಲ್ಲ. ಒಬ್ಬರೇ ತಮ್ಮ ಹೆಸರಿನಲ್ಲಿ ವ್ಯವಹಾರ ಮಾಡುವುದಕ್ಕೆ ಪ್ರೊಪ್ರೈಟರ್‌ಶಿಪ್ ಎನ್ನುತ್ತಾರೆ. ಕಂಪನಿಗಿರುವ ಹಾಗೆ ಅದಕ್ಕೆ ಜನನ ಪ್ರಮಾಣಪತ್ರವಿಲ್ಲ. ನೀವು ಬಿಲ್ ಬರೆದ ದಿನವೇ ಅದು ಹುಟ್ಟಿತು, ನಿಮ್ಮ ಪ್ಯಾನ್ ಕಾರ್ಡೇ ಅದರ ಗುರುತು.

ಹಾಗಾದರೆ ಇಷ್ಟೊಂದು ಕಾಲಂಗಳು ಎಲ್ಲಿಂದ ಬಂದವು? ಗೊಂದಲ ಇರುವುದು ಇಲ್ಲೇ. ನಮ್ಮಿಂದ ಕಾಗದ ಕೇಳುವವರು ಮೂರು ಜನ: ಕಾನೂನು, ಬ್ಯಾಂಕು, ಬಿಲ್ ಪಾವತಿಸುವ ಕಂಪನಿ. ಮೂವರೂ ಒಂದೇ ದನಿಯಲ್ಲಿ ಕೇಳುವುದರಿಂದ ಎಲ್ಲವೂ ಕಡ್ಡಾಯ ಅನ್ನಿಸುತ್ತದೆ. ಕಾನೂನು ಕೇಳಿದ್ದನ್ನು ತಪ್ಪಿಸಿದರೆ ದಂಡ ಬೀಳುತ್ತದೆ. ಬ್ಯಾಂಕು ಕೇಳಿದ್ದಕ್ಕೆ ಪರ್ಯಾಯ ದಾಖಲೆ ಇರುತ್ತದೆ. ಕಂಪನಿ ಕೇಳಿದ್ದಕ್ಕೆ ಎಷ್ಟೋ ಸಲ ‘ಅನ್ವಯಿಸುವುದಿಲ್ಲ’ ಎಂದು ಬರೆದರೆ ಮುಗಿಯಿತು. ಆ ಫಾರ್ಮ್ ಒಬ್ಬ ಡಿಸೈನರ್‌ಗಾಗಿ ಮಾಡಿದ್ದಲ್ಲ. ಕ್ಯಾಂಟೀನ್ ನಡೆಸುವವರು, ಸೆಕ್ಯುರಿಟಿ ಏಜೆನ್ಸಿಯವರು, ಲಿಫ್ಟ್ ರಿಪೇರಿಯವರು, ಎಲ್ಲರಿಗೂ ಅದೊಂದೇ.

ಮೊದಲ ಖಾಲಿ ಕಾಲಂ ಜಿಎಸ್‌ಟಿ. ಅತಿ ಹೆಚ್ಚು ಹೆದರಿಸುವುದೂ ಅದೇ.

2025ರ ಜುಲೈ ನೆನಪಿರಬಹುದು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ನೋಟಿಸ್ ಕಳುಹಿಸಿತು. ಬೆಂಗಳೂರಿನ ಬೀದಿ ಬೀದಿಗಳಲ್ಲಿ ಕ್ಯುಆರ್ ಕೋಡ್ ಕಿತ್ತು ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಅಂಟಿಸಿದರು. ವರ್ತಕರು ಬಂದ್‌ಗೆ ಕರೆ ಕೊಟ್ಟು, ಮುಖ್ಯಮಂತ್ರಿಗಳ ಜೊತೆ ಮಾತುಕತೆಯಾದ ಮೇಲೆ ಹಿಂತೆಗೆದುಕೊಂಡರು. ಆ ಗಲಾಟೆಯಲ್ಲಿ ಎರಡು ಸಂಖ್ಯೆಗಳು ಎಲ್ಲರ ಬಾಯಲ್ಲೂ ಓಡಾಡಿದವು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ. ಅಷ್ಟು ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಡಿಸೈನ್, ಅನುವಾದ, ಸಾಫ್ಟ್‌ವೇರ್, ಫೋಟೊಗ್ರಫಿ, ಸಲಹೆ ಇವೆಲ್ಲ ಸೇವೆ. ಹಾಗಾಗಿ ನಮ್ಮ ಗಡಿ 20 ಲಕ್ಷ.

ಆ 20 ಲಕ್ಷವನ್ನು ಎಣಿಸುವ ರೀತಿಯಲ್ಲೇ ಹೆಚ್ಚಿನವರು ಎಡವುತ್ತಾರೆ. ಅದು ಲಾಭವಲ್ಲ, ಬಿಲ್ ಮಾಡಿದ ಒಟ್ಟು ಮೊತ್ತ. ಒಂದೊಂದು ವ್ಯವಹಾರಕ್ಕೆ ಬೇರೆ ಬೇರೆಯಾಗಿ ಎಣಿಸುವುದಲ್ಲ, ಒಂದು ಪ್ಯಾನ್‌ಗೆ ದೇಶದಲ್ಲೆಲ್ಲ ಸೇರಿ ಒಂದೇ ಲೆಕ್ಕ. ನನ್ನ ಮುಂದೆ ಕುಳಿತಿದ್ದವರದ್ದನ್ನೇ ಹಾಕಿ ನೋಡಿದೆ. ಈ ವರ್ಷ ಆಗಸ್ಟ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೆ ಒಂದೂವರೆ ಲಕ್ಷದಂತೆ 12 ಲಕ್ಷ. ಆರಾಮ. “ಬೇರೆ ಏನಾದರೂ ಬರುತ್ತದೆಯೇ?” ಎಂದು ಕೇಳಿದೆ. “ಇಲ್ಲ ಸರ್” ಎಂದವರು, ಎದ್ದು ಹೋಗುವ ಹೊತ್ತಿಗೆ, “ತುಮಕೂರಿನಲ್ಲಿ ಅಪ್ಪ ನನ್ನ ಹೆಸರಿಗೆ ಬರೆದ ಒಂದು ಅಂಗಡಿ ಇದೆ, ತಿಂಗಳಿಗೆ 20 ಸಾವಿರ ಬಾಡಿಗೆ. ಅದನ್ನು ಅಪ್ಪನೇ ಇಟ್ಟುಕೊಳ್ಳುತ್ತಾರೆ” ಎಂದರು. ಹಣ ಯಾರ ಜೇಬಿಗೆ ಹೋಯಿತು ಎಂದು ಜಿಎಸ್‌ಟಿ ಕೇಳುವುದಿಲ್ಲ. ಅಂಗಡಿ ಇವರ ಹೆಸರಿನಲ್ಲಿದ್ದು ಬಾಡಿಗೆ ಕರಾರೂ ಇವರದ್ದೇ ಆಗಿದ್ದರೆ, ವರ್ಷದ 2.4 ಲಕ್ಷವೂ ಇವರ ವಹಿವಾಟೇ. ಈ ವರ್ಷ 14.4 ಲಕ್ಷ, ಇನ್ನೂ ಒಳಗೇ ಇದ್ದಾರೆ. ಆದರೆ ಬರುವ ಏಪ್ರಿಲ್‌ನಿಂದ ಇದೇ ಒಂದೂವರೆ ಲಕ್ಷ ಹನ್ನೆರಡು ತಿಂಗಳು ಬಂದರೆ 18 ಲಕ್ಷ, ಅದರ ಮೇಲೆ ಅಂಗಡಿಯ 2.4 ಲಕ್ಷ. 20.4 ಲಕ್ಷ! ಡಿಸೈನ್‌ನಿಂದ ಗಡಿ ದಾಟದವರನ್ನು ತುಮಕೂರಿನ ಅಂಗಡಿ ದಾಟಿಸಿಬಿಡುತ್ತದೆ. ದಾಟಿದ ಮೇಲೆ ಅರ್ಜಿ ಹಾಕಲು 30 ದಿನ ಸಮಯ. ಹಳೆಯ ಕಂಪನಿಯ ಸಂಬಳ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ.

‘ಬೇರೆ ರಾಜ್ಯದ ಗ್ರಾಹಕರಿದ್ದರೆ ಮೊದಲ ರೂಪಾಯಿಯಿಂದಲೇ ಜಿಎಸ್‌ಟಿ’ ಎಂಬ ಮಾತು ಇವತ್ತಿಗೂ ಹರಿದಾಡುತ್ತಿದೆ. ಸರಕಿನ ವಿಷಯದಲ್ಲಿ ಅದು ಬಹುಮಟ್ಟಿಗೆ ನಿಜ. ಸೇವೆ ಕೊಡುವವರಿಗೆ 2017ರ ಅಕ್ಟೋಬರ್‌ನಲ್ಲೇ ವಿನಾಯಿತಿ ಸಿಕ್ಕಿದೆ. 20 ಲಕ್ಷದೊಳಗಿದ್ದರೆ ಚೆನ್ನೈಗೂ ಬಿಲ್ ಕಳುಹಿಸಬಹುದು, ಪುಣೆಗೂ ಕಳುಹಿಸಬಹುದು. ಸಿಂಗಪುರದ ಗ್ರಾಹಕರ ಕಥೆ ಸ್ವಲ್ಪ ಬೇರೆ. ರಫ್ತಾದ ಸೇವೆಗೆ ತೆರಿಗೆ ಸೊನ್ನೆ, ನಿಜ. ಆದರೆ ಆ ಹಣವೂ 20 ಲಕ್ಷದ ಎಣಿಕೆಯೊಳಗೇ ಬರುತ್ತದೆ. ದಾಟಿದರೆ ನೋಂದಣಿ ಮಾಡಿಸಿ, ತೆರಿಗೆ ಕಟ್ಟದೆ ರಫ್ತು ಮಾಡಲು ಎಲ್‌ಯುಟಿ ಎಂಬ ಮುಚ್ಚಳಿಕೆಯನ್ನು ಪ್ರತಿ ಹಣಕಾಸು ವರ್ಷಕ್ಕೂ ಹೊಸದಾಗಿ ಸಲ್ಲಿಸಬೇಕು. ಇದನ್ನು ಮರೆತವರೇ ಹೆಚ್ಚು. ಫಾರ್ಮ್‌ನಲ್ಲಿದ್ದ ಐಇಸಿ, ಅಂದರೆ ಆಮದು ರಫ್ತು ಸಂಕೇತ, ಸೇವೆ ರಫ್ತು ಮಾಡುವವರಿಗೆ ವಿದೇಶ ವ್ಯಾಪಾರ ನೀತಿಯ ಸವಲತ್ತು ಬೇಕಿದ್ದರೆ ಮಾತ್ರ. ಇವರ ಗ್ರಾಹಕರು ವೈಟ್‌ಫೀಲ್ಡ್‌ನವರು. ಆ ಕಾಲಂಗೆ ಅಡ್ಡಗೆರೆ.

‘ಜಿಎಸ್‌ಟಿ ಹೇಗೂ ಮುಂದೆ ಬೇಕಾಗುತ್ತದಲ್ಲ, ಈಗಲೇ ಮಾಡಿಸಿಬಿಡೋಣ’ ಎನ್ನುವವರಿಗೆ ನಾನು ಸ್ವಲ್ಪ ಅಡ್ಡ ಹಾಕುತ್ತೇನೆ. ಸ್ವಂತ ಇಚ್ಛೆಯಿಂದ ನೋಂದಣಿ ಮಾಡಿಸಿದರೂ ಅಂದಿನಿಂದ ಪ್ರತಿ ಬಿಲ್‌ಗೂ ತೆರಿಗೆ ಹಾಕಬೇಕು. ಬಹುತೇಕ ವೃತ್ತಿಪರ ಸೇವೆಗಳಿಗೆ ಅದು ಶೇ 18. ಗ್ರಾಹಕರು ಕಂಪನಿಯಾದರೆ ಅವರು ಅದನ್ನು ತಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತಾರೆ, ಚಿಂತೆಯಿಲ್ಲ. ಮದುವೆ ಫೋಟೊ ತೆಗೆಸುವ ಮನೆಯವರಿಗೆ ಆ ಸೌಲಭ್ಯವಿಲ್ಲ. 50 ಸಾವಿರದ ಕೆಲಸ 59 ಸಾವಿರವಾದರೆ ಪಕ್ಕದ ಬೀದಿಯ ಫೋಟೊಗ್ರಾಫರ್ ಹತ್ತಿರ ಹೋಗುತ್ತಾರೆ. ಜೊತೆಗೆ, ಒಂದು ರೂಪಾಯಿ ವ್ಯವಹಾರ ಆಗದಿದ್ದರೂ ರಿಟರ್ನ್ ಸಲ್ಲಿಸುವುದು ತಪ್ಪುವುದಿಲ್ಲ. ತಡವಾದರೆ ಶೂನ್ಯ ರಿಟರ್ನ್‌ಗೂ ದಿನಕ್ಕೆ 20 ರೂಪಾಯಿ ಶುಲ್ಕ ಬೀಳುತ್ತದೆ. ನೋಂದಣಿ ಮಾಡಿಸಿ ಮರೆತುಬಿಟ್ಟು, ವರ್ಷದ ಮೇಲೆ ಶುಲ್ಕದ ಪಟ್ಟಿ ಹಿಡಿದು ಬಂದವರನ್ನು ನೋಡಿದ್ದೇನೆ. ಆ ಮುಖಗಳು ಮರೆಯುವಂಥವಲ್ಲ.

ಇನ್ನು ವೃತ್ತಿ ತೆರಿಗೆ. ಸಣ್ಣ ಮೊತ್ತ ಎಂದು ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ಅದೇ ಕಾರಣಕ್ಕೆ ಬಾಕಿ ಬೆಳೆಯುತ್ತದೆ. ಸಂಬಳದಲ್ಲಿದ್ದಾಗ ತಿಂಗಳಿಗೆ 200 ರೂಪಾಯಿ ಕಂಪನಿಯೇ ಕತ್ತರಿಸಿ ಕಟ್ಟುತ್ತಿತ್ತು. 2025ರ ಏಪ್ರಿಲ್‌ನಲ್ಲಿ ಬಂದ ಬದಲಾವಣೆಯಿಂದ ಫೆಬ್ರವರಿ ತಿಂಗಳಿಗೆ ಮಾತ್ರ ಅದು 300 ಆಗಿದೆ. ಇದೇನು ವಿಚಿತ್ರ ಎಂದರೆ, ಹನ್ನೊಂದು ತಿಂಗಳ 2,200ಕ್ಕೆ ಈ 300 ಸೇರಿದರೆ ಸರಿಯಾಗಿ 2,500 ಆಗುತ್ತದೆ. ಒಬ್ಬರಿಂದ ವರ್ಷಕ್ಕೆ 2,500ಕ್ಕಿಂತ ಹೆಚ್ಚು ವೃತ್ತಿ ತೆರಿಗೆ ತೆಗೆದುಕೊಳ್ಳುವಂತಿಲ್ಲ ಎಂದು ಸಂವಿಧಾನದ 276ನೇ ವಿಧಿಯೇ ಹೇಳುತ್ತದೆ. 1988ರಲ್ಲಿ ನಿಗದಿಯಾದ ಆ ಮಿತಿ ಇವತ್ತಿಗೂ ಹಾಗೇ ಇದೆ. ಮೂವತ್ತೈದು ವರ್ಷಕ್ಕೂ ಮೀರಿ ಏರದೆ ನಿಂತ ತೆರಿಗೆ ಇನ್ನೊಂದನ್ನು ತೋರಿಸಿ ನೋಡೋಣ.

ಕೆಲಸ ಬಿಟ್ಟ ದಿನದಿಂದ ಆ ಕತ್ತರಿಸುವ ಕೈ ಇಲ್ಲ. 1976ರ ಕರ್ನಾಟಕ ವೃತ್ತಿ ತೆರಿಗೆ ಕಾಯ್ದೆಯ ಅನುಸೂಚಿಯಲ್ಲಿ ನಿಮ್ಮ ವೃತ್ತಿ ಬರುತ್ತಿದ್ದರೆ ನೀವೇ ಕಟ್ಟಬೇಕು. ಇಲ್ಲಿ ಎರಡು ಪ್ರಮಾಣಪತ್ರಗಳ ನಡುವೆ ಗೊಂದಲವಾಗುತ್ತದೆ. ನೌಕರರ ಸಂಬಳದಿಂದ ಕತ್ತರಿಸುವ ಮಾಲೀಕರು ತೆಗೆದುಕೊಳ್ಳುವುದು ಆರ್‌ಸಿ, ಅಂದರೆ ರಿಜಿಸ್ಟ್ರೇಷನ್ ಸರ್ಟಿಫಿಕೇಟ್. ತಮ್ಮ ಪಾಲಿನದನ್ನು ತಾವೇ ಕಟ್ಟುವವರು ತೆಗೆದುಕೊಳ್ಳುವುದು ಇಸಿ, ಅಂದರೆ ಎನ್‌ರೋಲ್‌ಮೆಂಟ್ ಸರ್ಟಿಫಿಕೇಟ್. ನೌಕರರೇ ಇಲ್ಲದ ಮೇಲೆ ಇಸಿ ಒಂದೇ ಸಾಕು. ಅದು ಆನ್‌ಲೈನ್‌ನಲ್ಲೇ ಆಗುತ್ತದೆ. ನಂತರ ಪ್ರತಿ ವರ್ಷ ಏಪ್ರಿಲ್ 30ರೊಳಗೆ ಕಟ್ಟಿ ಚಲನ್ ಜೋಪಾನ ಮಾಡಿದರೆ ಆಯಿತು. ಡಿಸೈನರ್ ಅವರಿಗೆ ಅಂದೇ ಇಸಿಗೆ ಅರ್ಜಿ ಹಾಕಿಸಿದೆ.

ಮುಂದಿನ ಎರಡು ಕಾಲಂಗಳನ್ನು ಎಲ್ಲರೂ ಒಂದೇ ಎಂದುಕೊಳ್ಳುತ್ತಾರೆ: ‘ಶಾಪ್ಸ್ ಲೈಸೆನ್ಸ್’ ಮತ್ತು ‘ಟ್ರೇಡ್ ಲೈಸೆನ್ಸ್’. ಮೊದಲನೆಯದು ಲೈಸೆನ್ಸೇ ಅಲ್ಲ, 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಕೆಳಗೆ ಕಾರ್ಮಿಕ ಇಲಾಖೆಯಲ್ಲಿ ಆಗುವ ನೋಂದಣಿ. ಕೆಲಸಗಾರರ ದುಡಿಮೆಯ ಹೊತ್ತು, ವಾರದ ರಜೆ ಇವುಗಳ ಸಲುವಾಗಿ ಹುಟ್ಟಿದ ಕಾಯ್ದೆ ಅದು. ಅಂಗಡಿಯನ್ನೋ ಕಚೇರಿಯನ್ನೋ ತೆರೆದರೆ 30 ದಿನದೊಳಗೆ ಮಾಡಿಸಬೇಕು. ಎರಡನೆಯದು ಪಾಲಿಕೆಯ ಆರೋಗ್ಯ ವಿಭಾಗ ಕೊಡುವ ಉದ್ದಿಮೆ ಪರವಾನಗಿ. ಅದು ನಿಜವಾದ ಲೈಸೆನ್ಸ್. ಹೋಟೆಲು, ಬೇಕರಿ, ಸಲೂನು, ಗಿರಣಿ ಇಂಥವು ಅದಿಲ್ಲದೆ ಬಾಗಿಲು ತೆರೆಯುವಂತಿಲ್ಲ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ. ಹಾಗಾಗಿ ಅರ್ಜಿ ಹಾಕುವ ಮುನ್ನ ನಿಮ್ಮ ಬೀದಿ ಯಾವ ಪಾಲಿಕೆಗೆ ಸೇರಿತು ಎಂದು ನೋಡಿಕೊಳ್ಳಿ. ವಸತಿ ಪ್ರದೇಶದಲ್ಲಿ 40 ಅಡಿಗಿಂತ ಕಿರಿದಾದ ರಸ್ತೆಯಾದರೆ ಪರವಾನಗಿಗೆ ತಕರಾರು ಬರುವುದು ಈ ಊರಿನ ಹಳೆಯ ಕಥೆ. ಮುಂಗಡ ಕೊಟ್ಟು ಅಂಗಡಿ ಹಿಡಿಯುವ ಮೊದಲು ಟೇಪ್ ಹಿಡಿದು ರಸ್ತೆ ಅಳೆದವರು ಜಾಣರು.

ಮನೆಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಒಬ್ಬರೇ ದುಡಿಯುವ ಡಿಸೈನರ್‌ಗೆ ಉದ್ದಿಮೆ ಪರವಾನಗಿಯ ಗೊಡವೆಯಿಲ್ಲ. ಆದರೆ ಶಾಪ್ಸ್ ನೋಂದಣಿಯ ಪತ್ರ ಹೀಗೆ ಒಬ್ಬರೇ ಇರುವವರಿಗೂ ಒಂದು ಕಡೆ ಉಪಯೋಗಕ್ಕೆ ಬರುತ್ತದೆ. ವ್ಯವಹಾರದ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆಯಲು ಹೋದರೆ ಬ್ಯಾಂಕಿನವರು ರಿಸರ್ವ್ ಬ್ಯಾಂಕಿನ ನಿಯಮದಂತೆ ಆ ವ್ಯವಹಾರ ಇದೆ ಎನ್ನುವುದಕ್ಕೆ ಎರಡು ದಾಖಲೆ ಕೇಳುತ್ತಾರೆ. ಶಾಪ್ಸ್ ಪತ್ರ, ಸಣ್ಣ ಉದ್ಯಮಗಳಿಗೆ ಕೊಡುವ ಉದ್ಯಮ್ ಪತ್ರ, ಜಿಎಸ್‌ಟಿ, ವೃತ್ತಿ ತೆರಿಗೆ ಇವುಗಳಲ್ಲಿ ಯಾವುದಾದರೂ ಎರಡು ಸಾಕು. ‘ಜಿಎಸ್‌ಟಿ ಇಲ್ಲದೆ ಖಾತೆ ಆಗುವುದೇ ಇಲ್ಲ’ ಎಂದು ಕೌಂಟರ್‌ನಲ್ಲಿ ಹೇಳಿದರೆ, ‘ಬೇರೆ ಎರಡು ದಾಖಲೆ ಕೊಡುತ್ತೇನೆ, ನಿಯಮ ನೋಡಿ’ ಎಂದು ಮೆಲ್ಲಗೆ ಹೇಳಿ. ದನಿ ಏರಿಸಿದರೆ ಕೆಲಸ ಕೆಡುತ್ತದೆ.

ಬಾಡಿಗೆ ಮನೆಯವರಿಗೆ ನಿಜವಾದ ಅಡ್ಡಿ ಕಚೇರಿಗಳಲ್ಲಿಲ್ಲ, ಕೆಳಗಿನ ಮಹಡಿಯ ಮಾಲೀಕರಲ್ಲಿದೆ. ಮನೆಯ ವಿಳಾಸದಲ್ಲಿ ಜಿಎಸ್‌ಟಿ ಮಾಡಿಸಲು ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಕೆಲವೊಮ್ಮೆ ಒಪ್ಪಿಗೆ ಪತ್ರವೂ ಬೇಕು. “ಅಂಕಲ್, ಒಂದು ಸಹಿ” ಎಂದ ಕೂಡಲೇ ಅವರಿಗೆ ಬೆಸ್ಕಾಂ ಮೀಟರ್ ವಾಣಿಜ್ಯ ದರಕ್ಕೆ ಏರಿದಂತೆಯೂ ಆಸ್ತಿ ತೆರಿಗೆ ದುಪ್ಪಟ್ಟಾದಂತೆಯೂ ಕನಸು ಬೀಳುತ್ತದೆ. ಕರಾರು ಬರೆಯುವಾಗಲೇ ‘ಬಾಡಿಗೆದಾರರು ಮನೆಯಿಂದ ವೃತ್ತಿಪರ ಕೆಲಸ ಮಾಡಬಹುದು, ಗಿರಾಕಿಗಳು ಬರುವುದಿಲ್ಲ, ಬೋರ್ಡ್ ಹಾಕುವುದಿಲ್ಲ’ ಎಂಬ ಒಂದು ಸಾಲು ಸೇರಿಸಿದರೆ ಆಮೇಲಿನ ಅಂಗಲಾಚುವಿಕೆ ತಪ್ಪುತ್ತದೆ. ಬೋರ್ಡ್ ಹಾಕುವವರಾದರೆ ಅದರ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕು, ಅದೂ ಮೇಲ್ಭಾಗದಲ್ಲಿ.

ಈಗ ಎಂಎಸ್‌ಎಂಇ, ಅಂದರೆ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಲಂ. ಡಿಸೈನರ್ ಅದರ ಮುಂದೆ ಪೆನ್ಸಿಲ್‌ನಲ್ಲಿ ‘ಬೇಡ’ ಎಂದು ಬರೆದುಕೊಂಡಿದ್ದರು. ನಾನು ಅಳಿಸಿದೆ. ಹನ್ನೊಂದು ಕಾಲಂಗಳಲ್ಲಿ ಕಡ್ಡಾಯವಲ್ಲದ, ಆದರೆ ನಮಗೆ ಬಲ ಕೊಡುವ ಕಾಲಂ ಇದೊಂದೇ. ಇಂಥ ಉದ್ಯಮಗಳಿಗಾಗಿ 2020ರ ಜುಲೈ 1ರಂದು ಶುರುವಾದ ಉದ್ಯಮ್ ನೋಂದಣಿಗೆ ಆಧಾರ್, ಪ್ಯಾನ್ ಇದ್ದರೆ ಅರ್ಧ ಗಂಟೆ ಸಾಕು. ಪೂರ್ತಿ ಉಚಿತ. ಎರಡು ಮೂರು ಸಾವಿರ ಕೇಳುವ ಜಾಲತಾಣ ಎದುರಾದರೆ ಅದು ಸರ್ಕಾರದ್ದಲ್ಲ. ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಇನ್ ಇದೆಯೇ ನೋಡಿಕೊಳ್ಳಿ.

ಇದರಿಂದ ಏನು ಸಿಗುತ್ತದೆ? 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಕಿರು ಉದ್ಯಮದವರ ಕೆಲಸ ಒಪ್ಪಿಕೊಂಡ ಖರೀದಿದಾರರು ಬರಹದ ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ, ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ‘ನಮ್ಮಲ್ಲಿ 90 ದಿನ’ ಎಂದು ಒಪ್ಪಂದದಲ್ಲಿ ಬರೆದಿದ್ದರೂ ಅದು ನಿಲ್ಲುವುದಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಬ್ಯಾಂಕ್ ದರ ಶೇ 6 ಇದ್ದರೆ ಬಡ್ಡಿ ಶೇ 18. ಇಷ್ಟಾದರೂ ಕೊಡದಿದ್ದರೆ ಸರ್ಕಾರದ ಜಾಲತಾಣದಲ್ಲಿ ದೂರು ಕೊಡಬಹುದು. ನಿಜ ಹೇಳಬೇಕೆಂದರೆ ಮುಂದೆಯೂ ಕೆಲಸ ಬೇಕಾದ ಗ್ರಾಹಕರ ಮೇಲೆ ಯಾರೂ ದೂರು ಕೊಡುವುದಿಲ್ಲ. ಆದರೆ ಇನ್ನೊಂದು ಚುರುಕು ಇದೆ. 2023–24ನೇ ಸಾಲಿನಿಂದ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಹಣ ಕೊಡದ ಕಂಪನಿ, ಕೊಡುವ ತನಕ ಅದನ್ನು ತನ್ನ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚು ಎಂದು ತೋರಿಸುವಂತಿಲ್ಲ. ಅಲ್ಲಿಂದೀಚೆಗೆ ಮಾರ್ಚ್ ತಿಂಗಳಲ್ಲಿ ಲೆಕ್ಕ ವಿಭಾಗದವರೇ ಫೋನ್ ಮಾಡಿ “ನಿಮ್ಮದು ಯಾವುದಾದರೂ ಬಾಕಿ ಇದೆಯೇ?” ಎಂದು ಕೇಳುತ್ತಿದ್ದಾರೆ. ಉದ್ಯಮ್ ಸಂಖ್ಯೆಯನ್ನು ಬಿಲ್‌ನ ಮೇಲೇ ಅಚ್ಚು ಹಾಕಿಸಿ. ಕೆಲಸ ಒಪ್ಪಿಸುವ ಮೊದಲೇ ಈ ನೋಂದಣಿ ಇರಲಿ; ಆಮೇಲೆ ಮಾಡಿಸಿ ಹಳೆಯ ಬಾಕಿಗೆ ಬಡ್ಡಿ ಕೇಳಿದರೆ ವ್ಯಾಜ್ಯ ಬೆಳೆಯುತ್ತದೆ.

ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಕತ್ತರಿಸುವ ಆದಾಯ ತೆರಿಗೆಯ ಕಾಲಂ ತುಂಬುವಾಗ ಸ್ವಲ್ಪ ಎಚ್ಚರ ಬೇಕು. ವೃತ್ತಿಪರ ಸೇವೆ ಎಂದಾದರೆ ಶೇ 10 ಹಿಡಿಯುತ್ತಾರೆ, ಗುತ್ತಿಗೆ ಕೆಲಸ ಎಂದಾದರೆ ಒಬ್ಬ ವ್ಯಕ್ತಿಗೆ ಶೇ 1. ಕೆಲಸ ಯಾವ ಬಗೆಯದು ಎನ್ನುವುದರ ಮೇಲೆ ಅದು ನಿರ್ಧಾರವಾಗಬೇಕೇ ಹೊರತು ಯಾವುದು ಕಡಿಮೆ ಎಂಬುದರ ಮೇಲಲ್ಲ. ಕತ್ತರಿಸಿದ್ದು ನಿಮ್ಮ ಪ್ಯಾನ್ ಖಾತೆಯಲ್ಲೇ ಕಾಣುತ್ತದೆ, ರಿಟರ್ನ್ ಹಾಕಿದಾಗ ಹೊಂದುತ್ತದೆ. ಪಿಎಫ್, ಇಎಸ್‌ಐ? ನೌಕರರೇ ಇಲ್ಲ. ಅಡ್ಡಗೆರೆ.

ಕನ್ನಡದಲ್ಲಿ ‘ಗುತ್ತಿಗೆದಾರ’ ಎಂದೊಡನೆ ರಸ್ತೆ, ಚರಂಡಿ, ಲೋಕೋಪಯೋಗಿ ಇಲಾಖೆ ಕಣ್ಣಮುಂದೆ ಬರುತ್ತದೆ. ಡಿಸೈನರ್ ತಮ್ಮನ್ನು ಗುತ್ತಿಗೆದಾರರೆಂದರೆ ನಕ್ಕುಬಿಟ್ಟರು. ಆದರೆ ಆ ಹಳೆಯ ಅರ್ಥದ ಗುತ್ತಿಗೆದಾರರಿಗೆ ಮೇಲಿನ ಕಥೆಯೆಲ್ಲ ಅರ್ಧ ಮಾತ್ರ. ಅವರ ಕಸುಬಿನಲ್ಲಿ ಲೈಸೆನ್ಸ್ ಎಂದರೆ ನಿಜವಾಗಿಯೂ ಲೈಸೆನ್ಸೇ.

ನನ್ನ ಮನೆಗೆ ಹದಿನೈದು ವರ್ಷದಿಂದ ಬರುವ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ. ಕೈ ಚಿನ್ನದಂಥದ್ದು. ಸ್ವಿಚ್ ಬೋರ್ಡ್ ಮೂಸಿ ನೋಡಿಯೇ ಎಲ್ಲಿ ವೈರ್ ಸುಟ್ಟಿದೆ ಎಂದು ಹೇಳುತ್ತಾರೆ. ಆದರೆ ಹೊಸ ಮನೆಗೆ ವೈರಿಂಗ್ ಮಾಡಿ ಬೆಸ್ಕಾಂ ಸಂಪರ್ಕಕ್ಕೆ ಕಾಗದ ಕೊಡುವ ಹೊತ್ತಿಗೆ ಬೇರೊಬ್ಬರ ಮನೆ ಬಾಗಿಲು ತಟ್ಟಬೇಕು. ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರೇ, ಪರ್ಮಿಟ್ ಇರುವವರ ಮೇಲ್ವಿಚಾರಣೆಯಲ್ಲೇ ಮಾಡಬೇಕೆಂಬುದು ನಿಯಮ. ಕೆಲಸ ಮುಗಿದ ವರದಿಗೆ ಅವರದೇ ಸಹಿ ಬೇಕು. ಲೈಸೆನ್ಸನ್ನೂ ವೈರ್‌ಮನ್ ಮತ್ತು ಮೇಲ್ವಿಚಾರಕರ ಪರ್ಮಿಟ್‌ಗಳನ್ನೂ ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. ಇವರಿಗೆ ಕಾಗದವಿಲ್ಲ. ಹಾಗಾಗಿ ದುಡಿಮೆ ಇವರದು, ಸಹಿ ಇನ್ನೊಬ್ಬರದು, ಸಹಿಗೆ ಒಂದು ರೇಟು. ನಾಳೆ ಶಾರ್ಟ್ ಸರ್ಕ್ಯೂಟ್ ಆಗಿ ಅನಾಹುತವಾದರೆ ಸಹಿ ಮಾರಿದವರು ಸಿಕ್ಕಿಬೀಳುತ್ತಾರೆ. ಕೆಲಸ ಮಾಡಿದವರೂ ಪಾರಾಗುವುದಿಲ್ಲ. “ಈ ವರ್ಷ ಪರ್ಮಿಟ್‌ಗೆ ಹಾಕಿ” ಎಂದು ಪ್ರತಿ ಯುಗಾದಿಗೂ ಹೇಳುತ್ತೇನೆ. “ಆಯಿತು ಸಾರ್” ಎನ್ನುತ್ತಾರೆ.

ಪ್ಲಂಬರ್‌ಗಳದ್ದೂ ಹೀಗೇ. ನಲ್ಲಿ ಸರಿಮಾಡಲು ಯಾರ ಅಪ್ಪಣೆಯೂ ಬೇಡ, ಹೊಸ ಕಾವೇರಿ ಸಂಪರ್ಕಕ್ಕೆ ಜಲಮಂಡಳಿಯ ಪರವಾನಗಿ ಇರುವ ಪ್ಲಂಬರ್ ಬೇಕು. ಆ್ಯಪ್ ಮೂಲಕ ಮನೆ ಮನೆಗೆ ಹೋಗುವ ಪ್ಲಂಬರ್, ಬಡಗಿಗಳಿಗೆ ಒಂದು ಅನುಕೂಲವಿದೆ: ಅವರು 20 ಲಕ್ಷದ ಗಡಿಯೊಳಗಿದ್ದರೆ ಅವರ ಕೆಲಸದ ಜಿಎಸ್‌ಟಿಯನ್ನು ಆ್ಯಪ್ ಕಂಪನಿಯೇ ಕಟ್ಟಬೇಕು. ಮನೆಯಲ್ಲಿ ಹೋಳಿಗೆ, ಚಟ್ನಿಪುಡಿ ಮಾಡಿ ಮಾರುವವರಿಗೆ ವಹಿವಾಟು ಎಷ್ಟೇ ಚಿಕ್ಕದಿರಲಿ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು, ಅದರ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲೆ ಇರಬೇಕು. ಕೂಲಿಯಾಳುಗಳನ್ನು ಕಟ್ಟಿಕೊಂಡು ಕೆಲಸ ಹಿಡಿಯುವ ಮೇಸ್ತ್ರಿಗಳಿಗೆ ಕಾರ್ಮಿಕ ಗುತ್ತಿಗೆ ಲೈಸೆನ್ಸ್ ಇದೆ. 1970ರ ಕಾಯ್ದೆಯಲ್ಲಿ 20 ಆಳುಗಳಿದ್ದರೆ ಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಗಡಿ 50 ಆಗಿದೆ.

ಡಿಸೈನರ್ ಅವರ ಫಾರ್ಮ್‌ಗೆ ಬರೋಣ. ಕಳುಹಿಸಿದ ಮೂರನೆಯ ದಿನ ಆ ಕಂಪನಿಯ ಲೆಕ್ಕ ವಿಭಾಗದಿಂದ ಫೋನ್ ಬಂತಂತೆ: ಜಿಎಸ್‌ಟಿ ಸಂಖ್ಯೆ ಇಲ್ಲದಿದ್ದರೆ ಸಾಫ್ಟ್‌ವೇರ್ ಮುಂದಕ್ಕೆ ಹೋಗುವುದಿಲ್ಲ. ಬಿಳಿ ಹಾಳೆಯಲ್ಲಿ ಮೂರು ಸಾಲು ಬರೆಸಿದೆ. ‘ಈ ಹಣಕಾಸು ವರ್ಷದಲ್ಲಿ ನನ್ನ ಒಟ್ಟು ವಹಿವಾಟು 20 ಲಕ್ಷ ರೂಪಾಯಿ ದಾಟಿಲ್ಲ. ಆದ್ದರಿಂದ ನಾನು ಜಿಎಸ್‌ಟಿ ನೋಂದಣಿಗೆ ಒಳಪಡುವುದಿಲ್ಲ. ದಾಟಿದ ಕೂಡಲೇ ತಿಳಿಸುತ್ತೇನೆ.’ ಕೆಳಗೆ ಪ್ಯಾನ್, ದಿನಾಂಕ, ಸಹಿ. ಮರುದಿನ ವೆಂಡರ್ ಸಂಖ್ಯೆ ಬಂತು. ಅವರು ತುಮಕೂರಿಗೆ ಫೋನ್ ಮಾಡಿ ಅಂಗಡಿಯ ಬಾಡಿಗೆ ಕರಾರು ಯಾರ ಹೆಸರಿನಲ್ಲಿದೆ ಎಂದು ಅಪ್ಪನನ್ನು ಕೇಳಿದ್ದಾರೆ. ಅಪ್ಪ ಇನ್ನೂ ಹುಡುಕುತ್ತಿದ್ದಾರೆ.